ಬರಿಗಾಲನ್ನು ಹೊಗಳಬಾರದು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ತರುಣರು ಓಟಕ್ಕೆ ಹಿಂಜರಿದವರಲ್ಲ. ದೀಪಾವಳಿಯಲ್ಲಿ ಕೊಬ್ಬರಿ ಕಟ್ಟಿದ ಹೋರಿಯ ಹಿಂದೆ ಬರಿಗಾಲಲ್ಲಿ ಓಡುವವರನ್ನು ಕಂಡು, "ನಮ್ಮ ಹುಡುಗರಿಗೆ ಬೂಟು ಏತಕ್ಕೆ?" ಎಂದು ಹಿರಿಯರು ಹೆಮ್ಮೆಪಡುವುದುಂಟು. ಈ ಹೆಮ್ಮೆ ಕಿವಿಗೆ ಇಂಪು, ಆಟಕ್ಕೆ ಕೇಡು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹಮದ್ ಖಾನರ ಜೀವನವೇ ಸಾಕ್ಷಿ.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಖಾನರು ಮುಂಪಡೆಯ ಆಟಗಾರರು. 1949ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿ ಸುಮಾರು ಹತ್ತು ವರ್ಷ ಆಡಿದರು. ಅವರೂ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಎಂಬ ನಾಲ್ವರೂ ಕೂಡಿದ ಮುಂಪಡೆಯನ್ನು ಜನ 'ಪಂಚಪಾಂಡವರು' ಎಂದೇ ಕರೆದರು. ಚೆಂಡು ಅವರ ಬರಿಗಾಲಿಗೆ ಅಂಟಿಕೊಂಡಂತೆ ಸಾಗುತ್ತಿತ್ತು. ಆದುದರಿಂದ 'ಹಾವಾಡಿಗ' ಎಂಬ ಬಿರುದೂ ಬಂದಿತು.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸಿಗೆ 1-2ರಿಂದ ಸೋತಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಲ್ಲೇ ಆಡಿದ್ದರು. ಪತ್ರಿಕೆಗಳು ಆ ಪಾದಗಳನ್ನೇ ಕೊಂಡಾಡಿದವು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದುದನ್ನು ಜನ ಮರೆತರು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಬಂದಾಗಲಂತೂ ಬೂಟಿನ ಮಾತೇ ಬೇಡವೆನಿಸಿತು.

ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹಮದ್ ಖಾನರದು. ಆ ಬಳಿಕವೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಬೂಟನ್ನು ಕಡ್ಡಾಯ ಮಾಡಿತು. ನಾಲ್ಕು ವರ್ಷಗಳ ಅನಂತರ ಮೆಲ್ಬೋರ್ನಿನಲ್ಲಿ ಭಾರತ ಸೆಮಿಫೈನಲನ್ನು ತಲುಪಿತು. ತರಬೇತುದಾರರು ಅದೇ ರಹೀಮರು, ಎದುರಾಳಿ ಅದೇ ಯುಗೊಸ್ಲಾವಿಯ; ಸೋಲು ಮಾತ್ರ 1-4. ಒಲಿಂಪಿಕ್ಸಿನ ಆ ನಾಲ್ಕನೆಯ ಸ್ಥಾನವನ್ನು ಭಾರತದ ಫುಟ್‌ಬಾಲ್ ಇಂದಿಗೂ ಮೀರಿಲ್ಲ. ಇದೆಲ್ಲ ಬೂಟೊಂದರಿಂದಲೇ ಆಯಿತೆಂದು ಹೇಳಲಾರೆ. ಬೂಟಿಲ್ಲದೆ ಆಗುತ್ತಿರಲಿಲ್ಲವೆಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಆ ತಂಡದಲ್ಲಿ ಖಾನರಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಕೆಲವರು ನಗಬಹುದು. ಆದರೆ ಅಹಮದ್ ಖಾನರು ಕುಣಿಯಬಲ್ಲವರಾಗಿದ್ದರು. ನೆಲವೇ ನಿಜವಾಗಿ ಡೊಂಕಾಗಿತ್ತು. ಅವರ ಪ್ರತಿಭೆ ಕೊರತೆಯಿಂದ ಬೆಳೆದುದಲ್ಲ, ಕೊರತೆಯಿದ್ದರೂ ಬೆಳೆದುದು. ಈ ಎರಡರ ಅಂತರವನ್ನು ಮರೆತರೆ ಬಡತನವನ್ನೇ ಗುಣವೆಂದು ಪೂಜಿಸಿದಂತಾಗುತ್ತದೆ.

ಇಂದು ನಮ್ಮ ಕಬಡ್ಡಿಯ ಪಾಡು ನೋಡಿರಿ. ಹಳ್ಳಿಯ ಹುಡುಗ ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿಯುತ್ತಾನೆ. ದೊಡ್ಡ ಪಂದ್ಯಗಳು ನಡೆಯುವುದು ಮ್ಯಾಟಿನ ಮೇಲೆ, ಬೂಟು ತೊಟ್ಟು. ಅಲ್ಲಿ ಅವನು ಜಾರಿದರೆ "ಹಳ್ಳಿಯ ಹುಡುಗನಿಗೆ ಇಷ್ಟೇ ಸಾಧ್ಯ" ಎನ್ನುವವರು, ಅವನು ಮ್ಯಾಟನ್ನು ಮೊದಲು ಕಂಡುದು ಯಾವಾಗ ಎಂದು ಕೇಳುವುದಿಲ್ಲ.

ಖಾನರು 2017ರಲ್ಲಿ ತೀರಿಕೊಂಡರು. ಅವರಿಗೆ ಗೌರವ ಸಲ್ಲಿಸಬೇಕೆಂದಿದ್ದರೆ ಭಾಷಣ ಬೇಡ. ಪಂದ್ಯ ಬಂದಾಗ ಟ್ರೋಫಿಯ ಆಸೆ ಪಡುವ ನಾವು, ವರ್ಷದ ಆರಂಭದಲ್ಲಿಯೇ ಪ್ರತಿ ಕಾಲೇಜಿಗೆ ಒಂದು ಮ್ಯಾಟು, ಪ್ರತಿ ಆಟಗಾರನಿಗೂ ಆಟಗಾರ್ತಿಗೂ ಅಳತೆಗೆ ಸರಿಯಾದ ಬೂಟು ಒದಗಿಸೋಣ. ಗುರುಗಳೂ ಸಹಪಾಠಿಗಳೂ ಇದನ್ನು ಆಲೋಚಿಸಬೇಕೆಂದು ನನ್ನ ವಿನಂತಿ.