ಕಟ್ಟೆಯ ಆಟ ಹುಡುಗಿಯರಿಗೂ ಬೇಕು

ನಮ್ಮ ಶಾಲೆಯಲ್ಲಿ ‘ಗೋ’ ಎಂಬ ಆಟವನ್ನು ಎಲ್ಲರಿಗೂ ಕಲಿಸಬೇಕು, ಅದರಲ್ಲಿಯೂ ಹುಡುಗಿಯರಿಗೆ ಕಲಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ, ಪೂರ್ತಿ ಓದಿರಿ.

ಇದು ಚೀನಾ ದೇಶದ ಆಟ. ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಅಲ್ಲಿ ಇದಕ್ಕೆ ‘ವೇಯ್ಚಿ’ ಅನ್ನುತ್ತಾರೆ. ಅಂದರೆ ಸುತ್ತುಗಟ್ಟುವ ಆಟ. ‘ಗೋ’ ಎಂಬುದು ಜಪಾನಿನ ಹೆಸರು. ಧಾರವಾಡದಲ್ಲಿ ಕಾಲೇಜು ಓದುವ ನಮ್ಮ ಅಣ್ಣ ಮೊಬೈಲಿನಲ್ಲಿ ನೋಡಿ ಕಲಿತು, ಸೂಟಿಗೆ ಬಂದಾಗ ನಮಗೆ ಹೇಳಿಕೊಟ್ಟ.

ಹುಲಿ-ಕುರಿ ಆಟ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಎರಡರಲ್ಲೂ ಗೆರೆ ಕೂಡುವ ಜಾಗದಲ್ಲಿ ಹರಳು ಇಡಬೇಕು. ಎರಡರಲ್ಲೂ ಸುತ್ತುಗಟ್ಟಬೇಕು. ಆದರೆ ಒಂದು ಫರಕು ಐತಿ. ಹುಲಿ-ಕುರಿಯಲ್ಲಿ ಹುಲಿ ಹಾರಿ ಕುರಿಯನ್ನು ತಿಂತೈತಿ, ಕುರಿಗೆ ತಿನ್ನಾಕ ಬರೂದಿಲ್ಲ. ಗೋ ಆಟದಲ್ಲಿ ಕರಿ ಹರಳಿಗೂ ಬಿಳಿ ಹರಳಿಗೂ ಒಂದೇ ಬಲ. ಮೊದಲು ಕರಿ, ಆಮೇಲೆ ಬಿಳಿ, ಹೀಗೆ ಒಂದೊಂದೇ ಇಡುತ್ತಾ ಹೋಗಬೇಕು. ಇಟ್ಟ ಹರಳನ್ನು ಸರಿಸುವ ಹಾಗಿಲ್ಲ. ಒಂದು ಹರಳಿನ ನಾಲ್ಕೂ ಕಡೆಗೆ ಎದುರಿನವರು ಮುಚ್ಚಿದರೆ ಅದು ಸತ್ತ ಹಾಗೆ, ಎತ್ತಿ ಹೊರಗಿಡಬೇಕು. ಕೊನೆಗೆ ಹೆಚ್ಚು ಜಾಗ ಯಾರದ್ದಾಯಿತೋ ಅವರು ಗೆದ್ದರು. ಬರೀ ಎದುರಿನವರ ಹರಳು ಹೊಡೆಯಲು ಓಡಿದರೆ ನಮ್ಮ ಜಾಗ ಹೋಗುತ್ತದೆ. ‘ಅತಿ ಆಸೆ ಗತಿಗೇಡು’ ಎಂಬ ಗಾದೆ ಇಲ್ಲಿ ಸರಿಯಾಗಿ ಒಪ್ಪುತ್ತದೆ.

ಇದಕ್ಕೆ ರೊಕ್ಕ ಬೇಡ. ದೊಡ್ಡವರ ಮಣೆಗೆ ಅಡ್ಡ 19, ಉದ್ದ 19 ಗೆರೆ, ಒಟ್ಟು 361 ಜಾಗ. ಕಲಿಯುವವರಿಗೆ 9 ಗೆರೆ ಸಾಕು, 81 ಜಾಗ ಆಗುತ್ತವೆ. ಹಂಪಿಯ ಗುಡಿಗಳ ಕಲ್ಲುಹಾಸಿನ ಮೇಲೆ ಹಿಂದಿನವರು ಆಟದ ಗೆರೆ ಕೊರೆದಿದ್ದಾರೆ. ನಾವು ಸೀಮೆಸುಣ್ಣದಿಂದ ಬರೆಯೋಣ. ಕರಿ ಹರಳಿಗೆ ಹುಣಸಿ ಬೀಜ, ಬಿಳಿ ಹರಳಿಗೆ ಹೊಳಿ ದಂಡಿಯ ಬಿಳಿ ಕಲ್ಲು.

ಈಗ ಮುಖ್ಯ ಮಾತು. ನಮ್ಮೂರ ಗುಡಿ ಕಟ್ಟಿ ಮ್ಯಾಲೆ ದಿನಾ ಹುಲಿ-ಕುರಿ ನಡೀತೈತಿ. ಗಂಡುಹುಡುಗರು ನಿಂತು ನೋಡಿ ಕಲಿಯುತ್ತಾರೆ. ನಾವು ನಿಂತರೆ “ಗಂಡಸರು ಕುಂತಲ್ಲಿ ನಿನಗೇನ ಕೆಲಸವಾ, ಮನೀಗ ಹೋಗು” ಅಂತಾರ. ನೋಡಾಕೂ ಬಿಡದಿದ್ದರೆ ಕಲಿಯೂದು ಹ್ಯಾಂಗ? ಆಮೇಲೆ “ಹುಡುಗ್ಯಾರಿಗೆ ಇಂಥಾ ಆಟ ತಲಿಗೆ ಹತ್ತೂದಿಲ್ಲ” ಅಂತ ಅವರೇ ಹೇಳುತ್ತಾರೆ. ಇದು ನ್ಯಾಯವೇ?

ತಲೆಗೆ ಹತ್ತುವುದಿಲ್ಲ ಎನ್ನುವವರು ಚೀನಾದ ರುಯಿ ನೈವೇಯ್ ಎಂಬ ಮಹಿಳೆಯ ವಿಷಯ ಕೇಳಬೇಕು. ಈ ಆಟದಲ್ಲಿ 9 ‘ದಾನ್’ ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ. 1988ರಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಇವರು. 2000ದಲ್ಲಿ ಕೊರಿಯಾ ದೇಶದ ‘ಗುಕ್ಸು’ ಎಂಬ ದೊಡ್ಡ ಪಂದ್ಯದಲ್ಲಿ ಚೋ ಹುನ್‌ಹ್ಯುನ್ ಎಂಬ ಹೆಸರಾಂತ ಆಟಗಾರರನ್ನು ಸೋಲಿಸಿ ಗೆದ್ದರು. ಅಷ್ಟು ದೂರ ಯಾಕೆ? 1824ರಲ್ಲಿ ಬ್ರಿಟಿಷರ ಎದುರು ನಿಂತ ಕಿತ್ತೂರ ಚೆನ್ನಮ್ಮನ ಸಮಾಧಿ ನಮ್ಮ ಬೈಲಹೊಂಗಲದಲ್ಲೇ ಐತಿ. ಆಕೆಯ ನಾಡಿನ ಹುಡುಗಿ ಹರಳು ಹಿಡಿದರೆ ತಪ್ಪೇನು?

ಕೆಲವರು “ಚೀನಾದ ಆಟ ನಮಗ್ಯಾಕ?” ಅನ್ನಬಹುದು. ಚದುರಂಗ ನಮ್ಮ ದೇಶದಲ್ಲಿ ಹುಟ್ಟಿ ಜಗತ್ತಿಗೆಲ್ಲ ಹೋಯಿತು, ಯಾರೂ ಬ್ಯಾಡ ಅನ್ನಲಿಲ್ಲ. ಹುಲಿ-ಕುರಿಯನ್ನೂ ಆಡೋಣ, ಇದನ್ನೂ ಆಡೋಣ. “ಓದು ಹಾಳಾಗ್ತೈತಿ” ಅನ್ನುವವರಿಗೆ ನಾನು ಹೇಳುವುದಿಷ್ಟೇ: ಇದು ಇಸ್ಪೀಟು ಅಲ್ಲ, ರೊಕ್ಕ ಕಟ್ಟುವುದಿಲ್ಲ. ಮುಂದಿನ ನಾಲ್ಕು ಆಟ ಲೆಕ್ಕ ಹಾಕಿಯೇ ಹರಳು ಇಡಬೇಕು.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ: ಶಾಲೆಯ ಕಟ್ಟೆಯ ಮೇಲೆ ಬಣ್ಣದಿಂದ ನಾಲ್ಕು ಮಣೆ ಬರೆಸಿರಿ. ಶನಿವಾರ ಶಾಲೆ ಬಿಡುವ ಮುಂಚೆ ಅರ್ಧ ತಾಸು ಕೊಡಿರಿ. ಒಂದು ಕಡೆಗೆ ಹುಡುಗ, ಒಂದು ಕಡೆಗೆ ಹುಡುಗಿ ಕೂಡಲಿ. ಊರ ಕಟ್ಟೆಯ ಮೇಲೆ ನಮಗೆ ಜಾಗ ಸಿಗುವವರೆಗೆ ಶಾಲೆಯ ಕಟ್ಟೆಯ ಮೇಲಾದರೂ ಸಿಗಲಿ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ