ಪಾಕವೂ ಪಾಂಡಿತ್ಯವೂ

ಎಲಿಜಬೆತ್ ಕಾರ್ಟರ್ ಎಂಬ ವಿದುಷಿಯನ್ನು ಕುರಿತು ಡಾಕ್ಟರ್ ಜಾನ್ಸನ್ ಆಡಿದ ಮಾತೊಂದು ಪ್ರಸಿದ್ಧವಾಗಿದೆ. ತನ್ನ ಈ ಹಳೆಯ ಗೆಳತಿ ಗ್ರೀಕಿನಿಂದ ಎಪಿಕ್ಟೀಟಸನನ್ನು ಅನುವಾದಿಸಬಲ್ಲಳು, ಅಷ್ಟೇ ಚೆನ್ನಾಗಿ ಪುಡ್ಡಿಂಗನ್ನೂ ಮಾಡಬಲ್ಲಳು ಎಂದು ಆತ ಮೆಚ್ಚಿ ನುಡಿದನಂತೆ. ಮೆಚ್ಚುಗೆಯೇನೋ ನಿಜವಾದದ್ದೇ. ಆದರೆ ಎಪಿಕ್ಟೀಟಸನನ್ನು ಅನುವಾದಿಸಿದ ಗಂಡಸಿಗೆ ಅಡುಗೆ ಬರುತ್ತದೆಯೇ ಎಂದು ಯಾರು ಕೇಳಿಯಾರು?

ಕಾರ್ಟರ್ ಹುಟ್ಟಿದ್ದು 1717ರಲ್ಲಿ, ಕೆಂಟ್ ಪ್ರಾಂತದ ಡೀಲ್ ಎಂಬ ಕಡಲ ತಡಿಯ ಊರಿನಲ್ಲಿ. ತಂದೆ ಪಾದ್ರಿ, ಮಗಳಿಗೂ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸಲು ತೊಡಗಿದ. ಹುಡುಗಿ ಮಂದಬುದ್ಧಿಯವಳೆಂದು ಕಂಡು, ಓದು ಬಿಟ್ಟುಬಿಡೆಂದೂ ಹೇಳಿದ್ದುಂಟು. ಆಕೆ ಬಿಡಲಿಲ್ಲ. ರಾತ್ರಿ ನಿದ್ದೆಯನ್ನು ಗೆಲ್ಲಲು ನಶ್ಯ ಏರಿಸಿದಳು, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡಳು, ಹಸಿರು ಚಹದ ಎಲೆಯನ್ನು ಅಗಿದಳು. (ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಪುಸ್ತಕ ತೆರೆಯುವ ನನ್ನ ಶಿಷ್ಯರು ಇದನ್ನು ಗಮನಿಸಬೇಕು.) ಜಾನ್ಸನ್ನನ ‘ರಾಂಬ್ಲರ್’ ಪತ್ರಿಕೆಗೆ ಎರಡು ಪ್ರಬಂಧಗಳನ್ನು ಬರೆದುಕೊಟ್ಟಳು. 1758ರಲ್ಲಿ ಚಂದಾದಾರರ ನೆರವಿನಿಂದ ಎಪಿಕ್ಟೀಟಸ್ ಅಚ್ಚಾಯಿತು. ಸುಮಾರು ಸಾವಿರ ಪೌಂಡು ಆಕೆಯ ಕೈಸೇರಿತು. ಆಕೆ ಡೀಲಿನಲ್ಲಿ ಸ್ವಂತ ಮನೆ ಕೊಂಡು, ತಂದೆಯನ್ನೂ ಅಲ್ಲಿಯೇ ಇರಿಸಿಕೊಂಡಳು. ಮದುವೆಯಾಗಲಿಲ್ಲ. 1806ರಲ್ಲಿ ತೀರಿಕೊಂಡಳು.

ಈ ಜೀವನವನ್ನು ಓದುವಾಗಲೆಲ್ಲ ನನ್ನ ಕಣ್ಣೆದುರು ನಿಲ್ಲುವವರು ನಂಜನಗೂಡು ತಿರುಮಲಾಂಬನವರು. 1887ರಲ್ಲಿ ಹುಟ್ಟಿ, ಇನ್ನೂ ಬಾಲೆಯಾಗಿದ್ದಾಗಲೇ ವಿಧವೆಯಾದವರು. ಇಲ್ಲಿಯೂ ಓದಿಗೆ ಆಸರೆಯಾದವನು ತಂದೆಯೇ. ಕಾರ್ಟರಳಿಗೆ ಒಂಟಿತನ ತಾನೇ ಆರಿಸಿಕೊಂಡ ಸ್ವಾತಂತ್ರ್ಯ. ತಿರುಮಲಾಂಬನವರಿಗೆ ಅದು ಸಮಾಜ ವಿಧಿಸಿದ ಶಿಕ್ಷೆ. ಆ ಶಿಕ್ಷೆಯ ಒಳಗಿನಿಂದಲೇ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಹೊರಡಿಸಿದರು. ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಪತ್ರಿಕೆಗಳನ್ನು ನಡೆಸಿದರು. ಕಾದಂಬರಿ, ನಾಟಕ, ಪ್ರಬಂಧಗಳನ್ನು ಬರೆದರು. ಆ ಹೆಸರುಗಳನ್ನೇ ನೋಡಿ: ಸತಿ, ಸನ್ಮಾರ್ಗ! ಹೆಂಗಸಿನ ಲೇಖನಿ ಹೊಸ್ತಿಲು ದಾಟಬೇಕಾದರೆ ತೋರಿಸಬೇಕಾಗಿದ್ದ ರಹದಾರಿಗಳು ಅವು ಎಂದು ನನಗೆ ತೋರುತ್ತದೆ. ಮುಂದೆ ಅವರು ಬರೆಹವನ್ನು ನಿಲ್ಲಿಸಿದರು. ಗತಿಸಿದ್ದಾರೆಂದೇ ಕನ್ನಡ ಲೋಕ ಭಾವಿಸಿತ್ತು. 1980ರ ಸುಮಾರಿಗೆ ಚಿ. ನ. ಮಂಗಳಾ ಅವರು ಅರಸಿ ಹೋದಾಗ, ವೃದ್ಧೆ ಮದರಾಸಿನಲ್ಲಿ ಬದುಕಿದ್ದರು! 1982ರಲ್ಲಿ ನಿಧನರಾದರು.

ನಾನು ಪಾಠ ಹೇಳುವುದು ಪರಶುರಾಂಪುರದ ಕಡೆಯ ಮಕ್ಕಳಿಗೆ. ಕವಯಿತ್ರಿ ಬೆಳಗೆರೆ ಜಾನಕಮ್ಮನವರು (1912–1948) ನಮ್ಮ ಚಳ್ಳಕೆರೆ ಸೀಮೆಯವರೇ ಆದ್ದರಿಂದ ಹೆಣ್ಣು ಪದ್ಯ ಬರೆಯುವುದು ಈ ಮಕ್ಕಳಿಗೆ ಸೋಜಿಗವಲ್ಲ. ಹೆಣ್ಣಿನ ಗದ್ಯದ ವಿಷಯವೇ ಬೇರೆ. ಒಮ್ಮೆ ತರಗತಿಯಲ್ಲಿ ತಿರುಮಲಾಂಬನವರನ್ನು ಕುರಿತು, ಆಧುನಿಕ ಕನ್ನಡದ ಮೊದಲ ಲೇಖಕಿಯರಲ್ಲೊಬ್ಬರು, ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ನಾನು ಟಿಪ್ಪಣಿ ಬರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಅವರು ಪ್ರಬಂಧದಲ್ಲಿ ಏನು ಬರೆದರು, ಸಾರ್?”

ನಾನು ತಡವರಿಸಿದೆ. ಕನ್ನಡ ಎಂ. ಎ. ಮಾಡಿದ ನಾನು ಅವರ ‘ಸುಶೀಲೆ’ ಕಾದಂಬರಿಯನ್ನು ಬಲ್ಲೆನೇ ಹೊರತು, ಒಂದು ಪ್ರಬಂಧವನ್ನಾದರೂ ಓದಿರಲಿಲ್ಲ. ‘ಮೊದಲಿಗರು’ ಎಂಬ ಬಿರುದು ನಮ್ಮ ಪಾಲಿನ ಪುಡ್ಡಿಂಗು. ಅದನ್ನು ಬಡಿಸಿ ಕೈ ತೊಳೆದುಕೊಂಡರೆ ಬರೆಹವನ್ನು ಓದುವ ಕಷ್ಟ ತಪ್ಪುತ್ತದೆ. ಜಾನ್ಸನ್ ಎಷ್ಟೋ ಮೇಲು. ಆತ ಕಾರ್ಟರಳ ಗದ್ಯವನ್ನು ಓದಿ, ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ. ನಮ್ಮ ಪಠ್ಯಗಳಲ್ಲಿ ಇಂಥ ಲೇಖಕಿಯರ ಪರಿಚಯದ ಎರಡು ಪುಟವನ್ನು ಕಿತ್ತುಹಾಕಿ, ಅವರದೇ ಗದ್ಯದ ಎರಡು ಪುಟವನ್ನು ಇಡಬಾರದೇಕೆ? ಭಾಷೆ ಹಳತು, ಉಪದೇಶ ಹೆಚ್ಚು ಎನ್ನುವಿರೇನೋ. ಇರಲಿ, ಓದಿಯೇ ಹಾಗೆನ್ನೋಣ.

ಆ ಹುಡುಗಿಗೆ ಮುಂದಿನ ವಾರ ಹೇಳುತ್ತೇನೆಂದಿದ್ದೆ. ಎರಡು ಗ್ರಂಥಾಲಯಗಳಲ್ಲಿ ಹುಡುಕಿದೆ. ಸಾಹಿತ್ಯಚರಿತ್ರೆಗಳಲ್ಲಿ ಹೆಸರು ಸಿಕ್ಕಿತು, ಪ್ರಬಂಧ ಸಿಗಲಿಲ್ಲ. ಮೂರನೆಯದಕ್ಕೆ ಈ ರಜೆಯಲ್ಲಿ ಹೋಗಬೇಕು.