ನೆರೆಮನೆ ಎಷ್ಟು ದೂರ?



‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಕೋಶ ಓದುವ ಭಾಗ್ಯ ಧಾರಾಳವಾಗಿ ದೊರೆಯಿತು. ಮುಂದೆ ಪ್ರವಚನ, ಉಪನ್ಯಾಸಗಳ ನಿಮಿತ್ತವಾಗಿ ದೇಶ ಸುತ್ತುವ ಅವಕಾಶವೂ ಒದಗಿತು. ಶ್ರೀಶೈಲ, ಉಜ್ಜಯಿನಿ, ಕಾಶಿ, ಕೇದಾರಗಳನ್ನು ಕಂಡು ಬಂದೆವು. ಆದರೆ ಅನ್ಯರ ಬದುಕನ್ನು ಅರಿಯುವ ಪಾಠವನ್ನು ನಾವು ಕಲಿತದ್ದು ಈ ದೂರದ ಯಾತ್ರೆಗಳಲ್ಲಲ್ಲ. ವಿಜಯಪುರದಿಂದ ಸುಮಾರು ೨೦ ಕಿಲೋಮೀಟರು ಅಂತರದ ತಿಕೋಟಾದಲ್ಲಿ ಕಳೆದ ಒಂದು ಇರುಳು ಮತ್ತು ಮರುದಿನ ಬಬಲೇಶ್ವರದಲ್ಲಿ ಕಳೆದ ಒಂದು ಮುಂಜಾವು ನಮಗೆ ಆ ಪಾಠವನ್ನು ಕಲಿಸಿದವು. ಅದು ನಮಗೆ ಹೆಮ್ಮೆ ತರುವ ಪ್ರಸಂಗವಲ್ಲ. ಆದರೂ ಈ ಸಲ ಅದನ್ನು ನಿಮ್ಮ ಮುಂದೆ ನಿವೇದಿಸಿಕೊಳ್ಳಬೇಕೆನಿಸಿದೆ.

ನಾವು ಪಾಠಶಾಲೆಗೆ ಸೇರಿದ್ದು ೧೯೭೯ರಲ್ಲಿ. ಊರು ಆಗ ಬಿಜಾಪುರವೆಂದೇ ಕರೆಸಿಕೊಳ್ಳುತ್ತಿತ್ತು. ವಿಜಯಪುರವೆಂಬ ಹೆಸರು ಅಧಿಕೃತವಾದದ್ದು ೨೦೧೪ರಲ್ಲಿ. ಪಾಠಶಾಲೆಯ ಗ್ರಂಥಭಂಡಾರದಲ್ಲಿ ಜೀರ್ಣವಾದ ಪುಸ್ತಕಗಳು ರಾಶಿಯಾಗಿದ್ದವು. ಇದೇ ಊರಿನಲ್ಲಿ ವಕೀಲರಾಗಿದ್ದು, ತಾಡವೋಲೆಗಳಿಗಾಗಿ ಮನೆಮನೆ ಅಲೆದು ವಚನಗಳನ್ನು ಉಳಿಸಿಕೊಟ್ಟ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ಪ್ರಕಟಿಸಿದ ‘ವಚನಶಾಸ್ತ್ರಸಾರ’ದ ಪ್ರತಿ ಅಲ್ಲಿತ್ತು, ೧೯೨೬ರಲ್ಲಿ ಅವರು ಆರಂಭಿಸಿದ ‘ಶಿವಾನುಭವ’ದ ಹಳೆಯ ಸಂಚಿಕೆಗಳೂ ಇದ್ದವು. ಅವುಗಳಿಗೆ ರಟ್ಟು ಕಟ್ಟಿಸಿ ತರುವ ಕೆಲಸ ನಮ್ಮ ಪಾಲಿಗೆ ಬಂದಿತ್ತು.

ಪಾಠಶಾಲೆಯಿಂದ ಇನ್ನೂರು ಹೆಜ್ಜೆಗಳಷ್ಟು ದೂರದಲ್ಲಿ ಒಬ್ಬ ಮುಸಲ್ಮಾನ ಗೃಹಸ್ಥರ ಅಂಗಡಿಯಿತ್ತು. ನಮಗಿಂತ ಹದಿನೈದು ವರ್ಷ ಹಿರಿಯರು. ನಾವು ಅವರನ್ನು ‘ಕಾಕಾ’ ಎನ್ನುತ್ತಿದ್ದೆವು. ಅವರು ನಮ್ಮನ್ನು ‘ಅಯ್ಯಾರ’ ಎನ್ನುತ್ತಿದ್ದರು. ಗೋಧಿಹಿಟ್ಟಿನ ಅಂಟಿಗೆ ಹುಳು ಹಿಡಿಯದಿರಲೆಂದು ಒಂದು ಚಿಟಿಕೆ ಮೈಲುತುತ್ತ ಬೆರೆಸಿ ಕುದಿಸುವರು. ಹರಿದ ಹಾಳೆಗೆ ತೆಳುಗಾಗದ ಹಚ್ಚುವರು. ಪುಟಗಳ ಕ್ರಮ ತಪ್ಪದಂತೆ ದಾರ ಹೊಲಿಯುವರು. ಪುಟಸಂಖ್ಯೆ ಹರಿದುಹೋಗಿದ್ದರೆ ವಚನವನ್ನು ಓದಿ ನೋಡಿ ಜೋಡಿಸುತ್ತಿದ್ದರು. ಉರ್ದು ಶಾಲೆಯಲ್ಲಿ ಓದಿದವರು ಹೀಗೆ ರಟ್ಟು ಕಟ್ಟುತ್ತ ಕಟ್ಟುತ್ತ ಕನ್ನಡ ಕಲಿತಿದ್ದರು. ಏಳು ವರ್ಷ ನಾವು ಆ ಅಂಗಡಿಗೆ ಹೋಗಿ ಬಂದೆವು. ಅಂಗಡಿಯ ಹಿಂದೆಯೇ ಇದ್ದ ಅವರ ಮನೆಯನ್ನು ಒಮ್ಮೆಯೂ ಹೊಗಲಿಲ್ಲ, ಅಲ್ಲಿ ಒಂದು ಗುಟುಕು ನೀರು ಕುಡಿಯಲಿಲ್ಲ. ಅವರೂ ‘ಬನ್ನಿ’ ಎಂದು ನಮ್ಮನ್ನು ಸಂಕಟಕ್ಕೆ ಗುರಿಮಾಡಲಿಲ್ಲ.

೧೯೮೬ರ ಮೇ ತಿಂಗಳು. ಬಸವ ಜಯಂತಿ ಕಳೆದು ಎಂಟು ಹತ್ತು ದಿನಗಳಾಗಿದ್ದವು. ತಿಕೋಟಾದ ಒಂದು ಮನೆಗೂ ಬಬಲೇಶ್ವರದ ಒಂದು ಮನೆಗೂ ರಟ್ಟು ಕಟ್ಟಿದ ಪುರಾಣಗ್ರಂಥಗಳನ್ನು ಮುಟ್ಟಿಸಬೇಕಾಗಿತ್ತು. ಹೊರೆ ಭಾರವಾಗಿದ್ದುದರಿಂದ ಕಾಕಾ ಜೊತೆಗೆ ಬಂದರು. ತಿಕೋಟಾದ ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಬಬಲೇಶ್ವರದ ಕಡೆಗೆ ಹೋಗುವ ಕೊನೆಯ ಬಸ್ಸು ಬರಲೇ ಇಲ್ಲ. ಕಾಕಾ ಅವರ ಮೂಲಮನೆ ಅದೇ ಊರಿನಲ್ಲಿತ್ತು. ತಾಯಿಯೂ ಅಣ್ಣನೂ ಅಲ್ಲಿದ್ದರು. ಬೇರೆ ದಾರಿಯಿಲ್ಲದೆ, ಅಳುಕುತ್ತ ಅವರ ಹಿಂದೆ ನಡೆದೆವು.

ಮಣ್ಣಿನ ಮಾಳಿಗೆಯ ಮನೆ. ನಾವು ಬಂದ ಸುದ್ದಿ ತಿಳಿಯುತ್ತಲೇ ಅಲ್ಲಿ ನಡೆದ ಏರ್ಪಾಟನ್ನು ಕಂಡು ಬೆರಗಾದೆವು. ಪಡಸಾಲೆಯ ಒಂದು ಮೂಲೆಯನ್ನು ಸಾರಿಸಿದರು. ಪಕ್ಕದ ಲಿಂಗಾಯತರ ಮನೆಯಿಂದ ಹೊಸ ಗಡಿಗೆಯಲ್ಲಿ ನೀರು ತರಿಸಿದರು. ಒಬ್ಬ ಹುಡುಗ ಓಡಿಹೋಗಿ ಬಿಲ್ವಪತ್ರೆ ತಂದ. ಅದೇ ಪಕ್ಕದ ಮನೆಯ ತಾಯಿ ರೊಟ್ಟಿ, ಪಲ್ಯ ಮಾಡಿ ಕೊಟ್ಟುಹೋದರು. ಇದಾವುದನ್ನೂ ನಾವು ಕೇಳಿರಲಿಲ್ಲ. ಲಿಂಗಪೂಜೆಯಾಗದೆ ನಾವು ಉಣ್ಣುವುದಿಲ್ಲ, ಯಾವ ಮನೆಯ ನೀರು ನಮಗೆ ಸಲ್ಲುತ್ತದೆ ಎಂಬುದೆಲ್ಲವೂ ಅವರಿಗೆ ತಿಳಿದಿತ್ತು.

ಹೊತ್ತು ಮುಳುಗಿದಾಗ ಮಸೀದಿಯಿಂದ ಕರೆ ಕೇಳಿತು. ಕಾಕಾ ಅವರ ತಾಯಿ ಒಂದು ಖರ್ಜೂರವನ್ನು ಬಾಯಿಗೆ ಹಾಕಿಕೊಂಡು, ಎರಡು ಗುಟುಕು ನೀರು ಕುಡಿದು, ನಮಾಜು ಮುಗಿಸಿ ಬಂದು ಗೋಡೆಗೆ ಒರಗಿ ಕುಳಿತರು. ಒಳಗೆ ಅಡಿಗೆ ಸಿದ್ಧವಿತ್ತು. ಯಾರೂ ಊಟಕ್ಕೆ ಏಳಲಿಲ್ಲ. ನಮ್ಮ ಪೂಜೆ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ನಾವು ತಾಟಿನ ಮುಂದೆ ಕುಳಿತ ಮೇಲೆಯೇ ಆ ಮನೆಯವರು ಒಳಗೆ ಹೋಗಿ ಉಂಡರು.

ಆ ತಾಯಿಯನ್ನು ಕೇಳಿದೆವು: “ನಮಗಾಗಿ ಯಾಕೆ ಕಾದಿರಿ ತಾಯಿ?”

“ಮನಿಗಿ ಬಂದ ಅಯ್ಯಾರು ಹಸದ ಕೂತಾಗ ನಾವು ಹ್ಯಾಂಗ ಉಣಬೇಕ್ರಿ?” ಎಂದರು ಅವರು.

ಅದು ರಂಜಾನ್ ಮಾಸವೆಂದು ನಮಗೆ ಆಗಲೇ ಹೊಳೆದದ್ದು. ಮುಂಜಾವಿಗೆ ಮೊದಲು ಉಂಡವರು ಆ ಉರಿಬಿಸಿಲಿನಲ್ಲಿ ನೀರನ್ನೂ ಮುಟ್ಟದೆ ದಿನ ಕಳೆದಿದ್ದರು. ಪುಸ್ತಕದ ಹೊರೆಯನ್ನು ಹೊತ್ತು ನಮ್ಮೊಡನೆ ನಡೆದ ಕಾಕಾ ಅವರೂ ಉಪವಾಸವಿದ್ದರು. ಹಾದಿಯಲ್ಲಿ ನಾವು ಎರಡು ಸಲ ಅವರೆದುರಿಗೇ ನೀರು ಕುಡಿದಿದ್ದೆವು. ಇಷ್ಟಾಗಿಯೂ ಅವರಿಗೆ ನಮ್ಮ ಆಚಾರವೆಲ್ಲ ಗೊತ್ತಿತ್ತು. ಅವರ ಆಚಾರದ ಒಂದು ಅಕ್ಷರವೂ ನಮಗೆ ಗೊತ್ತಿರಲಿಲ್ಲ. ಷಟ್‌ಸ್ಥಲ ಶಾಸ್ತ್ರವನ್ನು ಓದಿದ್ದೇವೆಂಬ ನಮ್ಮ ಹಮ್ಮು ಆ ಪಡಸಾಲೆಯಲ್ಲಿ ಇಳಿಯಿತು.

ಇಳಿಯಿತೆಂದು ನಾವು ಭಾವಿಸಿದ್ದೆವು. ಮರುದಿನ ಬಬಲೇಶ್ವರ ತಲುಪಿದಾಗ ಬಿಸಿಲು ಏರಿತ್ತು. ಆ ಮನೆಯ ಹಿರಿಯರು ನಮ್ಮನ್ನು ಆದರದಿಂದ ಒಳಗೆ ಕರೆದು ಗದ್ದಿಗೆಯ ಮೇಲೆ ಕೂರಿಸಿದರು. ಕಾಕಾ ಹೊರಗಿನ ಕಟ್ಟೆಯ ಮೇಲೆ ಉಳಿದರು. ಮನೆಯ ಆಳು ಅವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯಲು ಹೋದ. ಅವರು ಕೈಮುಗಿದು ಬೇಡವೆಂದರು. ಆಳು ಒಳಗೆ ಬಂದು, “ನೀರು ಬ್ಯಾಡಂತ ಅಂವಗ” ಎಂದ. “ಎಂಥಾ ಸೊಕ್ಕು!” ಎಂದರು ಹಿರಿಯರು.

ಅವರು ಉಪವಾಸವಿದ್ದಾರೆಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಹೇಳಿದರೆ ‘ನಿಮಗೆ ಹೇಗೆ ತಿಳಿಯಿತು, ರಾತ್ರಿ ಎಲ್ಲಿದ್ದಿರಿ’ ಎಂಬ ಪ್ರಶ್ನೆ ಬರುತ್ತಿತ್ತು. ಆ ಭಯಕ್ಕೆ ನಾವು ತಲೆ ತಗ್ಗಿಸಿ ಕುಳಿತು ಹಾಲು ಕುಡಿದೆವು. ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ತಿಳಿದೂ ಸುಮ್ಮನಿದ್ದ ತಪ್ಪು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಮರಳುವಾಗ ಬಸ್ಸಿನಲ್ಲಿ ಕ್ಷಮೆ ಕೇಳಿದೆವು. ಕಾಕಾ ನಕ್ಕರು. “ಇರಲಿ ಬಿಡ್ರಿ ಅಯ್ಯಾರ. ರೋಜಾ ಇದ್ದಾಗ ಹೊಟ್ಟಿಗಿ ಅಷ್ಟ ಅಲ್ಲ, ಸಿಟ್ಟಿಗೂ ಉಪಾಸ ಇಡಬೇಕ್ರಿ” ಎಂದರು.

ಆ ವಾರ ಪಾಠಶಾಲೆಯಲ್ಲಿ ಶೂನ್ಯಸಂಪಾದನೆಯ ಪಾಠ ನಡೆದಿತ್ತು. ಮರುಳಶಂಕರದೇವರ ಪ್ರಸಂಗ ಬಂದಿತು. ಪರಂಪರೆಯ ಪ್ರಕಾರ ಅವರು ಅಫಘಾನಿಸ್ತಾನದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯಲ್ಲಿಯೇ, ಪ್ರಸಾದಕುಂಡದ ಬಳಿ, ಹನ್ನೆರಡು ವರ್ಷ ಯಾರ ಗುರುತಿಗೂ ಸಿಗದೆ ಇದ್ದರು. ಅಲ್ಲಮಪ್ರಭುದೇವರು ಬಂದು ತೋರಿಸಿಕೊಟ್ಟ ಮೇಲೆಯೇ ಅವರ ನಿಲುವು ಶರಣರಿಗೆ ತಿಳಿಯಿತು. ಈ ಪ್ರಸಂಗವನ್ನು ನಾವು ಅದಕ್ಕೂ ಮೊದಲು ಹಲವು ಸಲ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಬದಿಯಲ್ಲಿಯೇ ಇದ್ದವರನ್ನು ಅರಿಯದೆ ವರ್ಷಗಟ್ಟಲೆ ಕಳೆಯಬಹುದೆಂಬ ಅದರ ಅರ್ಥ ಮಾತ್ರ ಅಂದು ತಿಳಿಯಿತು. ಕಲ್ಯಾಣಕ್ಕೆ ಸೌರಾಷ್ಟ್ರದ ಆದಯ್ಯನವರು, ಕಾಶ್ಮೀರದ ಮೋಳಿಗೆ ಮಾರಯ್ಯನವರು ಬಂದರೆಂದು ಹೆಮ್ಮೆಯಿಂದ ಹೇಳುವ ನಾವು, ಇನ್ನೂರು ಹೆಜ್ಜೆ ದೂರದ ಮನೆಗೆ ಏಳು ವರ್ಷವಾದರೂ ಹೋಗಿರಲಿಲ್ಲ.

ಅನಂತರ ನಾವು ಆ ಮನೆಗೆ ಹೋದೆವು. ಮುಂದಿನ ವರ್ಷಗಳಲ್ಲಿ ಕಾಕಾ ಅವರೊಡನೆ ನಮ್ಮ ಊರನ್ನೇ ಹೊಸದಾಗಿ ಸುತ್ತಿದೆವು. ಇಬ್ರಾಹಿಂ ರೋಜಾದ ಗೋಡೆಗಳ ಮೇಲಿನ ಬರಹವನ್ನು ಅವರು ತಿಳಿದಷ್ಟು ಬಿಡಿಸಿ ಹೇಳಿದರು. ೧೫೮೦ರಿಂದ ೧೬೨೭ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನೌರಸ್’ ಎಂಬ ಸಂಗೀತಗ್ರಂಥವನ್ನು ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ್ದಾನೆಂಬುದನ್ನು ನಾವು ಮೊದಲು ಕೇಳಿದ್ದು ಅವರ ಬಾಯಿಂದಲೇ. ಆ ದೊರೆಯ ಆಶ್ರಯದಲ್ಲಿ ಇತಿಹಾಸಕಾರ ಫಿರಿಶ್ತಾ ಇದ್ದ, ಪರ್ಷಿಯಾದ ಕವಿ ಜುಹೂರಿ ಇದ್ದ, ಹಾಲೆಂಡಿನ ಹಾರ್ಲೆಮ್ ಊರಿನ ಚಿತ್ರಕಾರ ಕಾರ್ನೆಲಿಸ್ ಹೇಡಾ ಇದ್ದ. ದೂರದಿಂದ ಬಂದವರ ಗೆಳೆತನದಿಂದ ಬೆಳೆದ ಊರು ನಮ್ಮದು.

ಅರಕಿಲ್ಲೆಯೊಳಗಿನ ಕರೀಮುದ್ದೀನ್ ಮಸೀದಿಗೂ ಹೋದೆವು. ೧೩೨೦ರಲ್ಲಿ ಕಟ್ಟಿದ ಅದರಲ್ಲಿ ಹಳೆಯ ದೇಗುಲದ ಕಂಬಗಳಿವೆ. ಅದನ್ನು ನಿರ್ಮಿಸಿದವನು ಸಾಲೋಟಗಿಯ ರೇವಯ್ಯನೆಂಬ ಕುಶಲಿ ಎಂದು ಅಲ್ಲಿಯ ಶಾಸನ ಹೇಳುತ್ತದೆ. ಕಂಬಗಳ ಮುಂದೆ ನಾವಿಬ್ಬರೂ ಬಹಳ ಹೊತ್ತು ಮಾತಿಲ್ಲದೆ ನಿಂತೆವು. ಕಹಿಯಾದುದನ್ನು ಮುಚ್ಚಿಟ್ಟರೆ ಅದು ಸ್ನೇಹವಲ್ಲ; ಕಹಿಯನ್ನೇ ಎಣಿಸುತ್ತ ಕುಳಿತರೂ ಸ್ನೇಹ ಉಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ನಿಂತು ನೋಡುವ ಧೈರ್ಯ ಸ್ನೇಹಿತರಿಗೆ ಮಾತ್ರ ಬರುತ್ತದೆ.

ಅನ್ಯರನ್ನು ಅರಿತರೆ ನಮ್ಮತನ ಕರಗಿಹೋದೀತೆಂದು ಕೆಲವರು ಅಂಜುತ್ತಾರೆ. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಬೇಕು. ಕ್ರೈಸ್ತ ಧರ್ಮೋಪದೇಶಕರಾಗಿದ್ದ ಅವರು ಹಳ್ಳಿಹಳ್ಳಿಗೆ ಹೋಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಶರಣಸಾಹಿತ್ಯವನ್ನೂ ಆಳವಾಗಿ ಅಭ್ಯಸಿಸಿದರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರದಾಯಿತು. ಕೊನೆಯವರೆಗೂ ಅವರು ತಮ್ಮ ಶ್ರದ್ಧೆಯನ್ನು ಬಿಡಲಿಲ್ಲ. ನಾವೂ ಅಷ್ಟೇ: ಕಾಕಾ ಅವರ ಗೆಳೆತನದಿಂದ ನಮ್ಮ ಲಿಂಗಪೂಜೆ ಒಂದು ದಿನವೂ ತಪ್ಪಲಿಲ್ಲ. ‘ಸಿಟ್ಟಿಗೂ ಉಪವಾಸ’ ಎಂಬ ಅವರ ಮಾತು ಪೂಜೆಗೆ ಕುಳಿತಾಗಲೆಲ್ಲ ನೆನಪಾಗಿ, ಪೂಜೆ ಇನ್ನಷ್ಟು ಶುದ್ಧವಾಯಿತು.

ಇಂದು ನಮ್ಮ ಮನೆತನಗಳವರು ಮೊದಲಿಗಿಂತ ಹೆಚ್ಚು ಸಂಚರಿಸುತ್ತಾರೆ. ಬಸ್ಸು ಮಾಡಿಕೊಂಡು, ಅಡಿಗೆಯವರನ್ನೂ ಜೊತೆಗೆ ಕರೆದುಕೊಂಡು, ಹದಿನೈದು ದಿನ ತಿರುಗಿ ಬರುತ್ತಾರೆ. ಕಂಡ ಊರಿನ ಒಬ್ಬರ ಹೆಸರೂ ತಿಳಿದಿರುವುದಿಲ್ಲ. ಆದರೆ ಒಣದ್ರಾಕ್ಷಿ ಮಾರಲು ತಾಸಗಾಂವ, ಸಾಂಗಲಿಯ ಪೇಟೆಗಳಿಗೆ ಹೋಗುವ ತಿಕೋಟಾ, ಬಬಲೇಶ್ವರದ ರೈತರನ್ನು ಕೇಳಿ ನೋಡಿ. ಅಲ್ಲಿಯ ಮರಾಠಿ ಕುಟುಂಬಗಳ ಮದುವೆ, ಮುಂಜಿ, ಸಾವು, ನೋವು ಎಲ್ಲವೂ ಅವರಿಗೆ ಗೊತ್ತು. ವ್ಯಾಪಾರಕ್ಕೆ ಹೋದವರು ನೆಂಟರಾಗಿ ಬಂದಿದ್ದಾರೆ.

ಗೋಲಗುಮ್ಮಟವನ್ನು ನೀವೆಲ್ಲರೂ ನೋಡಿದ್ದೀರಿ. ಅದರ ಮೊಗಸಾಲೆಯಲ್ಲಿ ನಿಂತು ಕೂಗಿದರೆ ನಮ್ಮ ದನಿಯೇ ಹಲವು ಸಲ ನಮಗೆ ಮರಳಿ ಕೇಳುತ್ತದೆ. ಗೋಡೆಗೆ ಬಾಯಿ ಹಚ್ಚಿ ಮೆಲ್ಲನೆ ಮಾತನಾಡಿದರೆ ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಅದು ತಿಳಿಯುತ್ತದೆ. ಪ್ರವಾಸಕ್ಕೆ ಹೋಗುವ ಮಕ್ಕಳಿಗೆ ಈ ಮಾತನ್ನು ಹೇಳಿಕೊಡಿ. ಅದಕ್ಕೂ ಮೊದಲು ನಿಮ್ಮ ಓಣಿಯ ಒಂದು ಅನ್ಯಧರ್ಮೀಯರ ಮನೆಗೆ ಅವರನ್ನು ಕರೆದುಕೊಂಡು ಹೋಗಿ. ಆ ಮನೆಯ ಹಬ್ಬ ಯಾವುದು, ಉಪವಾಸ ಯಾವುದು ಎಂದು ಕೇಳಿ ತಿಳಿಯಲಿ. ನಿಮ್ಮ ಮನೆಯ ಬಸವ ಜಯಂತಿಗೆ ಅವರನ್ನೂ ಕರೆಯಿರಿ, ಒಂದೇ ಸಾಲಿನಲ್ಲಿ ಕೂರಿಸಿ ಉಣಬಡಿಸಿ.

ಎರಡು ವರ್ಷಗಳ ಬಳಿಕ ಧೈರ್ಯ ತಂದುಕೊಂಡು ಬಬಲೇಶ್ವರದ ಆ ಹಿರಿಯರ ಬಳಿ ಹೋಗಿ ಅಂದಿನ ಸಂಗತಿಯನ್ನೆಲ್ಲ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ನಮಗ ತಿಳೀಲಿಲ್ಲರಿ. ನಿಮಗ ತಿಳಿದಿತ್ತಲ್ಲ, ನೀವು ಹೇಳಬೇಕಾಗಿತ್ತು” ಎಂದರು. ಅದೇ ವರ್ಷದ ಬಸವ ಜಯಂತಿಗೆ ಅವರೇ ಹೇಳಿ ಕಳಿಸಿ ಕಾಕಾ ಅವರನ್ನು ಕರೆಸಿಕೊಂಡರು; ಒಳಗೆ ಕರೆದು, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಉಂಡರು.

ಕಾಕಾ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಸುದ್ದಿ ತಿಳಿದೊಡನೆ ಹೋದೆವು. ನಮ್ಮಂತೆಯೇ ಅವರೂ ದೇಹವನ್ನು ಮಣ್ಣಿಗೇ ಒಪ್ಪಿಸುವವರು. ಎಲ್ಲರೂ ಸಾಲಾಗಿ ಬಂದು ಮಣ್ಣು ಕೊಡುತ್ತಿದ್ದರು. ನಮ್ಮ ಸರದಿ ಬಂದಾಗ ಬಾಗಿ ಮೂರು ಹಿಡಿ ಮಣ್ಣು ಹಾಕಿದೆವು. ಎಷ್ಟು ಹಿಡಿಯೆಂದು ಯಾರನ್ನೂ ಕೇಳಬೇಕಾಗಲಿಲ್ಲ.